ಎಲ್ಲಿಯವರೆಗೆ ಇದೆ?

2023ರ ಜನವರಿಯ ಒಂದು ಬೆಳಿಗ್ಗೆ, ನಮ್ಮ ಮೈಸೂರಿನ ಮನೆಯ ಮಹಡಿ ಕೋಣೆಯಲ್ಲಿರುವ ಡೆಸ್ಕ್‌ಟಾಪ್ ಅಪ್‌ಡೇಟ್ ಮುಗಿಸಿಕೊಂಡು ರೀಸ್ಟಾರ್ಟ್ ಆಯಿತು. ಪರದೆ ಬಂತು. ಹಿಂದಿನ ರಾತ್ರಿ ಅರ್ಧಕ್ಕೆ ಬಿಟ್ಟಿದ್ದ ಪ್ರೂಫ್ ಫೈಲೂ ತೆರೆಯಿತು. ಮೇಲೆ ಬಲಮೂಲೆಯಲ್ಲಿ ಇರಬೇಕಾಗಿದ್ದ ವೈಫೈ ಗುರುತು ಮಾತ್ರ ಕಾಣಲಿಲ್ಲ. ಮೆನು ತೆರೆದು ನೋಡಿದೆ. ಧ್ವನಿ ಇದೆ, ಬೆಳಕು ಇದೆ, ವೈಫೈ ಎಂಬ ಸಾಲೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋದರೆ ವೈಫೈ ಅಡಾಪ್ಟರ್ ಸಿಗಲಿಲ್ಲ ಎಂಬ ಒಂದೇ ವಾಕ್ಯ. ಅಡಾಪ್ಟರ್ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿಕೊಂಡು ನನ್ನ ಕಣ್ಣೆದುರೇ ಇತ್ತು. ಬೆರಳ ತುದಿಯಷ್ಟು ಗಾತ್ರದ ಯುಎಸ್‌ಬಿ ಡಾಂಗಲ್ ಅದು.

ಸೋದರಮಾವನಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತು, "ಕೆಳಗಡೆ ಮೊಬೈಲ್‌ಗೆ ಬರ್ತಿದೆಯೇನೇ?" ಬರುತ್ತಿತ್ತು. ಎರಡನೆಯ ಮಾತು, "ಸರಿ, ನಾನು ಬರೋವರೆಗೂ ಏನೂ ಮುಟ್ಟಬೇಡ."

ಮಾವ ಮೂವತ್ತಕ್ಕೂ ಹೆಚ್ಚು ವರ್ಷ ಟೆಲಿಫೋನ್ ಇಲಾಖೆಯ ದುರಸ್ತಿ ವಿಭಾಗದಲ್ಲಿ ದುಡಿದವರು. 2000ದ ಅಕ್ಟೋಬರ್ 1ರಂದು ಇಲಾಖೆ ಹೋಗಿ ಬಿಎಸ್‌ಎನ್‌ಎಲ್ ಬಂತು. ಅವರ ಕೆಲಸ ಮಾತ್ರ ಅದೇ. ಜನ 198ಕ್ಕೆ ಡಯಲ್ ಮಾಡಿ "ಫೋನ್ ಸತ್ತಿದೆ" ಎನ್ನುತ್ತಿದ್ದರು. ಎಲ್ಲಿ ಸತ್ತಿದೆ ಎಂದು ಹುಡುಕುವುದು ಇವರ ಪಾಲು. ಎಕ್ಸ್‌ಚೇಂಜಿನ ಎಂಡಿಎಫ್ ಚೌಕಟ್ಟು, ಅಲ್ಲಿಂದ ನೆಲದೊಳಗಿನ ಕೇಬಲ್, ರಸ್ತೆ ಬದಿಯ ಪಿಲ್ಲರ್, ಕಂಬದ ಮೇಲಿನ ಡಿಪಿ ಬಾಕ್ಸ್, ಮನೆಗೆ ಇಳಿಯುವ ತಂತಿ, ಗೋಡೆಯ ರೋಸೆಟ್, ಕೊನೆಗೆ ಟೆಲಿಫೋನ್. ಇಷ್ಟುದ್ದದ ದಾರಿಯಲ್ಲಿ ಅವರು ಎರಡು ತುದಿಗಳಿಂದ ಹುಡುಕುತ್ತಾ ಬರುತ್ತಿರಲಿಲ್ಲ. ನೇರ ನಡುವಿನ ಪಿಲ್ಲರ್‌ಗೆ ಹೋಗಿ ಡಯಲ್ ಟೋನ್ ಇದೆಯೇ ಎಂದು ಕೇಳುತ್ತಿದ್ದರು. ಅಲ್ಲಿ ಟೋನ್ ಇದ್ದರೆ ಅರ್ಧ ದಾರಿ ನಿರ್ದೋಷಿ. "ಎಲ್ಲೀವರೆಗೂ ಇದೆ?" ಎಂಬುದು ಅವರು ಜೀವಮಾನವಿಡೀ ಕೇಳಿಕೊಂಡು ಬಂದ ಪ್ರಶ್ನೆ. 1986ರಲ್ಲಿ ಕಿತ್ತೂರಿನಲ್ಲಿ ಮೊದಲು ಕೆಲಸಕ್ಕೆ ನಿಂತ, ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಹಳ್ಳಿ ಎಕ್ಸ್‌ಚೇಂಜಿನ ವಿಷಯ ತೆಗೆದರೆ ಇಂದಿಗೂ ಅವರ ಮುಖ ಅರಳುತ್ತದೆ. ಎ.ಸಿ. ಬೇಡದ, ಧೂಳು ಸೆಕೆ ತಡೆದುಕೊಳ್ಳುವ, ಕೆಟ್ಟ ಕಾರ್ಡ್ ಎಳೆದು ಒಳ್ಳೆಯದನ್ನು ತುರುಕಿದರೆ ಮತ್ತೆ ನಡೆಯುವ ಯಂತ್ರ. ನಿವೃತ್ತಿಯಾದ ಮೇಲೆ ಅದೇ ಕಣ್ಣಿನಿಂದ ಲಿನಕ್ಸ್ ಕಲಿತರು. ನನ್ನ ಯಂತ್ರಕ್ಕೆ ಉಬುಂಟು 22.04 ಎಂಬ ಲಿನಕ್ಸ್ ಹಾಕಿಕೊಟ್ಟವರೂ ಅವರೇ.

ಅವರು ಬಂದು ಕುರ್ಚಿ ಎಳೆದುಕೊಂಡು ಕೂತರು. ಡಾಂಗಲ್ ಕಿತ್ತು ಚುಚ್ಚಲಿಲ್ಲ, ರೂಟರ್ ಆಫ್ ಮಾಡಿಸಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ಮೊದಲು ನನ್ನ ದೂರನ್ನೇ ಬಿಡಿಸಿದರು. "ನೆಟ್ ಬರ್ತಿಲ್ಲ" ಎಂದು ಎಲ್ಲರೂ ಹೇಳುವ ಮಾತಿನೊಳಗೆ ನಾಲ್ಕು ಬೇರೆ ಬೇರೆ ರೋಗಗಳಿವೆ ಎಂದು ಆ ದಿನ ನನಗೆ ಗೊತ್ತಾಯಿತು. ವೈಫೈ ಕನೆಕ್ಟ್ ಆಗಿದೆ, ಪೇಜ್ ತೆರೆಯುತ್ತಿಲ್ಲ ಎಂದರೆ ರೇಡಿಯೋ ಚೆನ್ನಾಗಿದೆ. ತೊಂದರೆ ರೂಟರಿನಾಚೆಗೋ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನಲ್ಲೋ ಇರುತ್ತದೆ. ಹೆಸರುಗಳು ಕಾಣುತ್ತವೆ, ಸೇರಲು ಹೋದರೆ ಸೇರಿಸಿಕೊಳ್ಳುತ್ತಿಲ್ಲ ಎಂದರೆ ಪಾಸ್‌ವರ್ಡ್ ಅಥವಾ ಭದ್ರತೆಯ ಲೆಕ್ಕ. ವೈಫೈ ಸಾಲು ಇದೆ, ಅಕ್ಕಪಕ್ಕದ ಒಂದು ಹೆಸರೂ ಕಾಣುತ್ತಿಲ್ಲ ಎಂದರೆ ರೇಡಿಯೋಗೆ ಎಲ್ಲೋ ಬೀಗ ಬಿದ್ದಿರಬಹುದು. ಆ ಬೀಗವನ್ನು ತೋರಿಸಲೆಂದೇ ಲಿನಕ್ಸ್‌ನಲ್ಲಿ ಆರ್‌ಎಫ್‌ಕಿಲ್ ಎಂಬ ಆದೇಶವಿದೆ. ತಂತ್ರಾಂಶದಿಂದ ಬಿದ್ದ ಬೀಗವೋ ಯಂತ್ರದ ಗುಂಡಿಯಿಂದ ಬಿದ್ದದ್ದೋ ಎಂದು ಅದು ಬೇರೆ ಬೇರೆಯಾಗಿ ಹೇಳುತ್ತದೆ. ನನ್ನದು ನಾಲ್ಕನೆಯದು. ಸಾಲೇ ಇಲ್ಲ ಎಂದರೆ ನಮ್ಮ ಮನೆಯಲ್ಲಿ ರೇಡಿಯೋ ಉಂಟೆಂಬುದೇ ಯಂತ್ರಕ್ಕೆ ಗೊತ್ತಿಲ್ಲ. ಇಷ್ಟು ತಿಳಿದದ್ದೇ ರೂಟರ್, ಪಾಸ್‌ವರ್ಡ್, ಡಿಎನ್‌ಎಸ್ ಎಲ್ಲವೂ ಪಟ್ಟಿಯಿಂದ ಬಿದ್ದುಹೋದವು. ಆ ಹೊತ್ತಿಗೆ ಮಾವ ಕೀಬೋರ್ಡನ್ನೇ ಮುಟ್ಟಿರಲಿಲ್ಲ.

ಆಮೇಲೆ ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ ಎಂದು ಹೊಡೆದರು. ಯುಎಸ್‌ಬಿಗೆ ಯಾರು ಯಾರು ಬಂದು ಕೂತಿದ್ದಾರೆ ಎಂದು ಹಾಜರಿ ಕೂಗುವ ಆದೇಶ ಅದು. ಕೀಬೋರ್ಡ್, ಮೌಸ್, ಪ್ರಿಂಟರ್ ಒಬ್ಬೊಬ್ಬರೇ ಬಂದರು, ಕೊನೆಗೆ ಡಾಂಗಲ್ಲೂ ಬಂತು. ಪ್ರತಿ ಸಾಲಿನಲ್ಲೂ ನಾಲ್ಕು ಅಕ್ಷರ, ನಡುವೆ ಕೋಲನ್, ಮತ್ತೆ ನಾಲ್ಕು ಅಕ್ಷರ. ಮೊದಲ ನಾಲ್ಕು ತಯಾರಕರ ಗುರುತು, ಆಮೇಲಿನ ನಾಲ್ಕು ಆ ವಸ್ತುವಿನದು. ಯಂತ್ರದೊಳಗೆ ಪಿಸಿಐ ಸಾಲಿನಲ್ಲಿ ಕೂರುವ ಕಾರ್ಡುಗಳಿಗೂ ಇಂಥದೇ ಗುರುತುಗಳಿವೆ. ಅಲ್ಲಿ ಇಂಟೆಲ್ ತನ್ನ ಗುರುತಾಗಿ ಇಟ್ಟುಕೊಂಡಿರುವುದು 8086 ಎಂಬ ಅಂಕಿ. ಅದು 1978ರಲ್ಲಿ ಆ ಕಂಪನಿ ಹೊರತಂದ ಪ್ರೊಸೆಸರಿನ ಹೆಸರು. ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರನ್ನು ಮಾವ ನಂಬುವುದಿಲ್ಲ, ಈ ಎಂಟು ಅಕ್ಷರಗಳನ್ನು ನಂಬುತ್ತಾರೆ. ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಡಾಂಗಲ್‌ಗಳ ಒಳಗೆ ಎರಡು ಬೇರೆ ಚಿಪ್‌ಗಳಿರುವುದು ಮಾರುಕಟ್ಟೆಯಲ್ಲಿ ಮಾಮೂಲು.

ಕೆಲವು ಡಾಂಗಲ್‌ಗಳು ಮೊದಲು ಚುಚ್ಚಿದಾಗ ತಾವು ಸಿಡಿ ಡ್ರೈವ್ ಎಂದು ಹೇಳಿಕೊಳ್ಳುತ್ತವಂತೆ. ವಿಂಡೋಸ್‌ಗೆ ಬೇಕಾದ ಡ್ರೈವರ್ ಅದೇ ಚಿಕ್ಕ ತುಂಡಿನೊಳಗೆ ಇರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿಸಿದ ಮೇಲೆ ಸಿಡಿಯ ವೇಷ ಕಳಚಿ ವೈಫೈ ಆಗುತ್ತವೆ. ಲಿನಕ್ಸ್‌ನಲ್ಲಿ ವೇಷ ಬಿಡಿಸಲು ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪುಟ್ಟ ಪ್ರೋಗ್ರಾಂ ಬೇಕು. ನನ್ನ ಡಾಂಗಲ್‌ಗೆ ಆ ಕಾಯಿಲೆ ಇರಲಿಲ್ಲ. ಆದರೂ ಮಾವ ಆ ಎಂಟು ಅಕ್ಷರಗಳನ್ನು ಎರಡು ಸಲ ಓದಿ ಖಚಿತ ಮಾಡಿಕೊಂಡೇ ಮುಂದೆ ಹೋದರು.

ಮುಂದಿನದನ್ನು ನಾನು ಹತ್ತಿರ ಬಗ್ಗಿ ನೋಡಿದೆ. ಅದೇ ಎಲ್‌ಎಸ್‌ಯುಎಸ್‌ಬಿ ಆದೇಶದ ಕೊನೆಗೆ ಒಂದು ಅಡ್ಡಗೆರೆ, ಒಂದು ಟಿ ಅಕ್ಷರ ಸೇರಿಸಿ ಎಂಟರ್ ಒತ್ತಿದರು. ಈ ಸಲ ಪಟ್ಟಿ ಮರದ ಕೊಂಬೆಗಳ ಹಾಗೆ ಹರಡಿಕೊಂಡು ಬಂತು. ಪ್ರತಿ ಕೊಂಬೆಯ ತುದಿಯಲ್ಲೂ ಡ್ರೈವರ್ ಎಂಬ ಪದ, ಅದರ ಮುಂದೆ ಸಮ ಚಿಹ್ನೆ, ಆಮೇಲೆ ಆ ವಸ್ತುವನ್ನು ನೋಡಿಕೊಳ್ಳುವ ಡ್ರೈವರಿನ ಹೆಸರು. ಕೀಬೋರ್ಡಿಗೆ ಯುಎಸ್‌ಬಿಹಿಡ್. ಪ್ರಿಂಟರಿಗೆ ಯುಎಸ್‌ಬಿಎಲ್‌ಪಿ. ಡಾಂಗಲಿನ ಸಾಲಿಗೆ ಬಂದರೆ ಸಮ ಚಿಹ್ನೆ ಇದೆ, ಅದರ ಮುಂದೆ ಏನೂ ಇಲ್ಲ. ನೇರ ಅಲ್ಪವಿರಾಮ, ಆಮೇಲೆ 480 ಎಂ. ಅಂದರೆ ಸೆಕೆಂಡಿಗೆ 480 ಮೆಗಾಬಿಟ್, ಯುಎಸ್‌ಬಿ 2ರ ವೇಗ. ವೇಗ ಗೊತ್ತಾಗಿದೆ ಎಂದರೆ ತಂತಿ ಸರಿ, ವಿದ್ಯುತ್ ಸರಿ, ಚಿಪ್ ಬದುಕಿದೆ. ಮಾವ ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇಲ್ಲೀವರೆಗೂ ಇದೆ ನೋಡು. ಇದರಿಂದಾಚೆ ಇಲ್ಲ."

ಹಾಗಾದರೆ ನಿನ್ನೆ ಯಾರಿದ್ದರು ಅಲ್ಲಿ? ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. ಜರ್ನಲ್‌ಸಿಟಿಎಲ್ ಎಂಬ ಆದೇಶಕ್ಕೆ ಮೈನಸ್ ಒಂದು ಎಂದು ಹೇಳಿದರೆ ಈ ಸಲದ ಬೂಟ್ ಬಿಟ್ಟು ಹಿಂದಿನ ಬೂಟಿನ ದಿನಚರಿ ತೆರೆಯುತ್ತದೆ. ಅಲ್ಲಿ ಡಾಂಗಲ್ಲಿನ ಡ್ರೈವರ್ ಎದ್ದದ್ದು, ಅದಕ್ಕೊಂದು ಇಂಟರ್‌ಫೇಸ್ ಹೆಸರು ಬಿದ್ದದ್ದು ಎಲ್ಲವೂ ಗಂಟೆ ನಿಮಿಷದ ಸಮೇತ ಇತ್ತು. ಡಬ್ಲ್ಯುಎಲ್‌ಎಕ್ಸ್ ಎಂಬ ಮೂರಕ್ಷರ, ಅದರ ಬೆನ್ನಿಗೆ ಡಾಂಗಲಿನ ಸ್ವಂತ ಹನ್ನೆರಡು ಅಕ್ಷರದ ವಿಳಾಸ. ಇವತ್ತಿನ ದಿನಚರಿಯಲ್ಲಿ ಆ ಸಾಲುಗಳೇ ಇಲ್ಲ. ಅಪ್‌ಡೇಟ್‌ಗಳ ದಾಖಲೆ ತೆಗೆದರೆ ರಾತ್ರಿ ಬಂದದ್ದು ಹೊಸ ಕರ್ನಲ್. ಅಲ್ಲಿಯವರೆಗೆ ಯಂತ್ರ ಓಡುತ್ತಿದ್ದದ್ದು 5.15ರಲ್ಲಿ. ಈಗ ಯುನೇಮ್ ಆದೇಶ ಕೊಟ್ಟರೆ 5.19 ಎಂದು ಉತ್ತರ.

ಇಲ್ಲಿ ಕರ್ನಲ್ ಬಗ್ಗೆ ಸ್ವಲ್ಪ ಹೇಳಬೇಕು. ಯಂತ್ರಾಂಶಕ್ಕೂ ನಾವು ಬಳಸುವ ತಂತ್ರಾಂಶಕ್ಕೂ ನಡುವೆ ನಿಲ್ಲುವ ಭಾಗವೇ ಕರ್ನಲ್. ಲಿನಕ್ಸ್‌ನ ಕರ್ನಲ್ಲನ್ನು ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದು. ಡ್ರೈವರ್‌ಗಳು ಅದಕ್ಕೆ ಮಾಡ್ಯೂಲ್ ಎಂಬ ತುಂಡುಗಳಾಗಿ ಜೋಡಣೆಯಾಗುತ್ತವೆ. ಒಂದೊಂದು ಕರ್ನಲ್‌ಗೂ ಲಿಬ್ ಮಾಡ್ಯೂಲ್ಸ್ ಎಂಬಲ್ಲಿ ಅದರ ಸಂಖ್ಯೆಯ ಹೆಸರಿನದೇ ಒಂದು ಫೋಲ್ಡರ್. 5.15ರ ಫೋಲ್ಡರಿನ ಮಾಡ್ಯೂಲನ್ನು ತಂದು 5.19ಕ್ಕೆ ತಿನ್ನಿಸಲು ಆಗುವುದಿಲ್ಲ. ಮಾಡ್ಯೂಲಿನ ಹೊಟ್ಟೆಯಲ್ಲಿ ತಾನು ಯಾವ ಕರ್ನಲ್‌ಗೆ ಹುಟ್ಟಿದ್ದು ಎಂಬ ಮುದ್ರೆ ಇರುತ್ತದೆ. ಕರ್ನಲ್ ಆ ಮುದ್ರೆ ನೋಡಿ ಬಾಗಿಲಲ್ಲೇ ತಡೆಯುತ್ತದೆ.

ಇದು ಹಟಮಾರಿತನ ಎಂದು ನನಗೆ ಮೊದಲು ಅನ್ನಿಸಿತ್ತು. ಮಾವ ಬಿಡಿಸಿ ಹೇಳಿದ ಮೇಲೆ ಅದರ ಹಿಂದಿನ ಯೋಚನೆ ಕಂಡಿತು. ಹೊರಗಿನ ಪ್ರೋಗ್ರಾಂಗಳಿಗೆ ಕರ್ನಲ್ ಕೊಟ್ಟ ಮಾತು ಗಟ್ಟಿ. ಹತ್ತು ವರ್ಷದ ಹಿಂದಿನ ಪ್ರೋಗ್ರಾಂ ಕೂಡ ಹೊಸ ಕರ್ನಲ್ ಮೇಲೆ ಓಡಬೇಕು ಎಂಬುದು ಟೋರ್ವಾಲ್ಡ್ಸ್ ಬಿಡದೆ ಕಾಯುವ ನಿಯಮ. ಒಳಗಿನ ವ್ಯವಸ್ಥೆ ಮಾತ್ರ ಬದಲಾಗುತ್ತಲೇ ಇರುತ್ತದೆ, ಬೇಕೆಂದೇ. ಬೀದಿ ಬಾಗಿಲು ಇದ್ದಲ್ಲೇ ಇರುತ್ತದೆ, ಅಡುಗೆಮನೆಯ ಡಬ್ಬಿಗಳನ್ನು ಮನೆಯವರು ಅನುಕೂಲ ನೋಡಿ ಆಗಾಗ ಬೇರೆ ಕಡೆ ಜೋಡಿಸುತ್ತಾರೆ ಅನ್ನಿ. ಯಾಕೆ ಹೀಗೆ ಎಂದು ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ವಿವರಣೆ ಕರ್ನಲ್‌ನ ಕಡತಗಳ ಜೊತೆಯಲ್ಲೇ ಇದೆ. ಡ್ರೈವರ್ ಕರ್ನಲ್‌ನ ಮೂಲದೊಳಗೇ ಇದ್ದರೆ, ಡಬ್ಬಿ ಬದಲಿಸಿದವರೇ ಅದನ್ನೂ ತಿದ್ದಿ ಹೊಂದಿಸುತ್ತಾರೆ. ಹೊರಗೆ ಉಳಿದ ಡ್ರೈವರ್‌ಗೆ ಆ ಭಾಗ್ಯವಿಲ್ಲ. 2018ರ ಜನವರಿಯಲ್ಲಿ ಬಂದ 4.15ರಲ್ಲಿ ಸಮಯ ಅಳೆಯುವ ಟೈಮರ್‌ಗಳನ್ನು ಸಿದ್ಧ ಮಾಡುವ ಹಳೆಯ ವಿಧಾನವನ್ನು ತೆಗೆದುಹಾಕಿದರು. ಒಳಗಿನ ಡ್ರೈವರ್‌ಗಳೆಲ್ಲ ಅಷ್ಟರೊಳಗೆ ಹೊಸ ವಿಧಾನಕ್ಕೆ ಬಂದಾಗಿತ್ತು. ಹೊರಗಿನವನ್ನು ಅವುಗಳ ಪಾಲಕರು ಒಂದೊಂದಾಗಿ ಕೂತು ತಿದ್ದಬೇಕಾಯಿತು.

ನನ್ನ ಡಾಂಗಲ್ಲಿನ ಡ್ರೈವರ್ ಆಗ ಹೊರಗಿನದು. ಅಂಗಡಿಯಿಂದ ತಂದ ದಿನ ಯಾರೋ ಅದನ್ನು ಮೂಲದಿಂದ ಕಂಪೈಲ್ ಮಾಡಿ ಕೂರಿಸಿಕೊಟ್ಟಿದ್ದರು. ಆ ದಿನದ ಕರ್ನಲ್ಲಿನ ಫೋಲ್ಡರಿನಲ್ಲಿ ಅದು ಕೂತಿತು, ಅಲ್ಲೇ ಉಳಿಯಿತು. ಮಾವ ಎರಡು ಫೋಲ್ಡರ್‌ಗಳನ್ನೂ ಅಕ್ಕಪಕ್ಕ ತೆರೆದು ತೋರಿಸಿದರು. 5.15ರ ಮನೆಯಲ್ಲಿ ಫೈಲ್ ಇದೆ, 5.19ರ ಮನೆಯಲ್ಲಿ ಇಲ್ಲ.

ಇಷ್ಟು ಕಂಡ ಮೇಲೂ ಅವರು ರಿಪೇರಿಗೆ ಕೈ ಹಾಕಲಿಲ್ಲ. ಯಂತ್ರ ರೀಸ್ಟಾರ್ಟ್ ಮಾಡಿ, ಏಳುವ ಹೊತ್ತಿಗೆ ಸರಿಯಾಗಿ ಎಸ್ಕೇಪ್ ಒತ್ತಿ, ಯಾವ ಕರ್ನಲ್‌ನಿಂದ ಏಳಬೇಕೆಂದು ಆರಿಸುವ ಗ್ರಬ್ ಮೆನು ತರಿಸಿದರು. ಉಬುಂಟು ಹೊಸ ಕರ್ನಲ್ ಬಂದಾಗ ಹಳೆಯದನ್ನು ತಕ್ಷಣ ಎಸೆಯುವುದಿಲ್ಲ. ಹೆಚ್ಚಿನ ಆಯ್ಕೆಗಳು ಎಂಬಲ್ಲಿಗೆ ಹೋದರೆ ಎರಡೂ ಸಿಗುತ್ತವೆ. 5.15 ಆರಿಸಿದರು. ವೈಫೈ ಬಂತು, ನಾನು ಉಸಿರು ಬಿಟ್ಟೆ. ಅವರು ಮತ್ತೆ ರೀಸ್ಟಾರ್ಟ್ ಮಾಡಿ 5.19ಕ್ಕೆ ಬಂದರು. ವೈಫೈ ಹೋಯಿತು. ಬೇಕು ಎಂದಾಗ ಬರಬೇಕು, ಬೇಡ ಎಂದಾಗ ಹೋಗಬೇಕು, ಆಗ ಮಾತ್ರ ಕಾರಣ ಸಿಕ್ಕಿದೆ ಎಂದು ಒಪ್ಪುತ್ತಾರೆ ಅವರು. ಮೊದಲಿಗೇ ಏನೂ ಮುಟ್ಟಬೇಡ ಎಂದದ್ದರ ಅರ್ಥ ನನಗೆ ಹೊಳೆದದ್ದು ಆಗ. ಗಾಬರಿಯಲ್ಲಿ ಹಳೆಯ ಕರ್ನಲ್‌ಗಳನ್ನೆಲ್ಲ ಕಿತ್ತುಹಾಕಿದ್ದರೆ, ಇಲ್ಲವೇ ಸಿಸ್ಟಮ್ಮನ್ನೇ ಹೊಸದಾಗಿ ಹಾಕಿಬಿಟ್ಟಿದ್ದರೆ, ಡ್ರೈವರ್ ಉಳಿದಿದ್ದ ಒಂದೇ ಜಾಗವೂ ಹಿಂದಿನ ದಿನದ ದಿನಚರಿಯೂ ಒಟ್ಟಿಗೆ ಹೋಗುತ್ತಿದ್ದವು.

ನೆಟ್ ಇಲ್ಲದ ಯಂತ್ರಕ್ಕೆ ನೆಟ್ಟಿನ ಡ್ರೈವರ್ ತರುವುದು ಹೇಗೆ? ಈ ಗಂಟನ್ನು ಬಿಡಿಸಿದ್ದು ಮೊಬೈಲಿನ ಚಾರ್ಜಿಂಗ್ ಕೇಬಲ್. ಫೋನನ್ನು ಕೇಬಲ್ಲಿನಿಂದ ಡೆಸ್ಕ್‌ಟಾಪಿಗೆ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಫೋನೇ ನೆಟ್ ಕಾರ್ಡ್ ಆಗುತ್ತದೆ. ಏನೂ ಇನ್‌ಸ್ಟಾಲ್ ಮಾಡದೆ ಹಾಗೇ ನಡೆಯಿತು, ಯಾಕೆಂದರೆ ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನ ಒಳಗಿನದು. 5.19ರ ಜೊತೆಗೇ ಬಂದಿತ್ತು.

ಹಳೆಯ ಮೂಲವನ್ನೇ ಮತ್ತೆ ಕಂಪೈಲ್ ಮಾಡಲು ನೋಡಿದರು. ಪರದೆ ತುಂಬ ಎರರ್‌ಗಳು ಸುರಿದವು. ಮಾವ ಮೇಲಕ್ಕೆ, ಮೇಲಕ್ಕೆ ಸರಿಸಿಕೊಂಡು ಹೋಗಿ ಮೊಟ್ಟಮೊದಲನೆಯದನ್ನು ಮಾತ್ರ ಓದಿದರು. ಮಿಕ್ಕವೆಲ್ಲ ಅದರ ಮಕ್ಕಳು ಮೊಮ್ಮಕ್ಕಳಂತೆ. ಮೊದಲನೆಯದು ಹೇಳುತ್ತಿದ್ದದ್ದು ಇಷ್ಟು: ಕರ್ನಲ್‌ನ ಒಂದು ಫಂಕ್ಷನ್ನನ್ನು ಡ್ರೈವರ್ ಹಳೆಯ ರೀತಿಯಲ್ಲಿ ಕರೆಯುತ್ತಿದೆ. ಅದೇ ಡ್ರೈವರನ್ನು ಹೊಸ ಕರ್ನಲ್‌ಗಳಿಗೆ ಹೊಂದಿಸಿ ಕಾಪಾಡುತ್ತಿರುವ ಸ್ವಯಂಸೇವಕರ ಪ್ರತಿ ಸಿಕ್ಕಿತು. ಆದರೆ ಈ ಸಲ ಅದನ್ನು ಕೈಯಿಂದ ಕೂರಿಸಲಿಲ್ಲ, ಡಿಕೆಎಂಎಸ್‌ಗೆ ಒಪ್ಪಿಸಿದರು. 2003ರ ಸುಮಾರಿಗೆ ಡೆಲ್ ಕಂಪನಿಯ ಎಂಜಿನಿಯರ್‌ಗಳು ಇಂಥದೇ ಕಷ್ಟಕ್ಕಾಗಿ ಕಟ್ಟಿದ ವ್ಯವಸ್ಥೆ ಅದು. ಮೂಲವನ್ನು ತನ್ನ ಬಳಿ ಇಟ್ಟುಕೊಂಡಿರುತ್ತದೆ, ಹೊಸ ಕರ್ನಲ್ ಬಂದಾಗಲೆಲ್ಲ ಅದರ ಅಳತೆಗೆ ಡ್ರೈವರನ್ನು ಹೊಸದಾಗಿ ಹೊಲಿದು ಕೊಡುತ್ತದೆ. ಅಳತೆ ತೆಗೆಯಲು ಕರ್ನಲ್ಲಿನ ಹೆಡರ್ ಫೈಲ್‌ಗಳು ಬೇಕು. ಅವನ್ನು ತರಿಸಿಟ್ಟರು, ಮುಂದಿನ ಕರ್ನಲ್‌ಗಳಿಗೂ ತಾವಾಗಿ ಬರುವಂತೆ ಮಾಡಿದರು. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಾದರೆ ಹೀಗೆ ಮನೆಯಲ್ಲಿ ಹೊಲಿದ ಮಾಡ್ಯೂಲಿಗೆ ಸಹಿಯೂ ಬೇಕು. ಮುಂದಿನ ಬೂಟಿನಲ್ಲಿ ನೀಲಿ ಪರದೆಯೊಂದು ಬಂದು ಪಾಸ್‌ವರ್ಡ್ ಕೇಳಿದಾಗ ಹೆದರಿ ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಇಲ್ಲದಂತೆ.

ಹೊಲಿಗೆ ನಡೆಯುತ್ತಿದ್ದಾಗ ಕಾಫಿ ತಂದುಕೊಟ್ಟೆ. ಮಾವ ಬೇರೆ ಮನೆಗಳ ಕಥೆ ಹೇಳಿದರು. ಒಂದು ಕಡೆ ಡ್ರೈವರ್ ಎದ್ದಿದೆ, ಆದರೆ ಚಿಪ್ಪಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಸಿಗದೆ ಮೈನಸ್ ಎರಡು ಎಂಬ ಎರರ್ ಹೇಳಿ ಕೂತಿದೆ. ಮೈನಸ್ ಎರಡು ಎಂದರೆ ಆ ಹೆಸರಿನ ಫೈಲ್ ಇಲ್ಲ ಎಂದಷ್ಟೇ, ಫೈಲ್ ತಂದಿಟ್ಟರೆ ಮುಗಿಯಿತು. ಇನ್ನೊಂದು ಕಡೆ ವಿಂಡೋಸ್, ಲಿನಕ್ಸ್ ಎರಡೂ ಇರುವ ಯಂತ್ರ. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಪೂರ್ತಿ ಶಟ್ ಡೌನ್ ಅಲ್ಲ, ವೈಫೈ ಕಾರ್ಡ್ ಅರೆನಿದ್ದೆಯಲ್ಲೇ ಉಳಿದು ಲಿನಕ್ಸ್ ಬಂದಾಗ ಏಳದೆ ಹೋಗಬಹುದು. ಡೆಸ್ಕ್‌ಟಾಪಿನಲ್ಲಿ ಇದು ಇನ್ನೂ ಮೊಂಡು, ಯಾಕೆಂದರೆ ಆಫ್ ಮಾಡಿದರೂ ಪವರ್ ಸಪ್ಲೈ ಮದರ್‌ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ ಆರಿಸಿ, ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಉಳಿದ ವಿದ್ಯುತ್ ಹರಿದುಹೋದ ಮೇಲೆ ಹಚ್ಚಿದರೆ ಕಾರ್ಡ್ ಏಳುತ್ತದೆ. "ಆಫ್ ಆನ್ ಮಾಡಿ ಅಂತ ಎಲ್ರೂ ಹೇಳ್ತಾರೆ ಕಣೇ, ಯಾವ ಆಫ್ ಅಂತ ಯಾರೂ ಹೇಳಲ್ಲ" ಎಂದರು. ಬರೀ ವಿಂಡೋಸ್ ಇರುವ ಯಂತ್ರದಲ್ಲೂ ಪ್ರಶ್ನೆ ಅದೇ. ಡಿವೈಸ್ ಮ್ಯಾನೇಜರ್ ತೆರೆದು ಅಡಾಪ್ಟರ್ ಇದೆಯೋ ಇಲ್ಲವೋ, ಇದ್ದರೆ ಹಳದಿ ಗುರುತು ಉಂಟೋ ಎಂದು ನೋಡುವುದು. ಅಪ್‌ಡೇಟ್‌ನ ಜೊತೆ ಡ್ರೈವರ್ ಬದಲಾಗಿದ್ದರೆ ಹಿಂದಿನದಕ್ಕೆ ಮರಳಲು ಅಲ್ಲೇ ರೋಲ್ ಬ್ಯಾಕ್ ಬಟನ್ ಇದೆ.

ಹೊಲಿಗೆ ಮುಗಿಯಿತು. ರೀಸ್ಟಾರ್ಟ್, 5.19, ಮೇಲಿನ ಮೂಲೆಯಲ್ಲಿ ವೈಫೈ ಗುರುತು. ಮಾವ ಗುರುತನ್ನು ನೋಡಲಿಲ್ಲ, ಟರ್ಮಿನಲ್ ತೆರೆದು ಮರದ ಪಟ್ಟಿ ತರಿಸಿದರು. ಸಮ ಚಿಹ್ನೆಯ ಮುಂದಿದ್ದ ಖಾಲಿ ಜಾಗದಲ್ಲಿ ಈಗ ಡ್ರೈವರಿನ ಹೆಸರು.

ಹೊರಡುವ ಮುಂಚೆ ಕಂಪ್ಯೂಟರಿನ ಬೆನ್ನಿಗೆ ಬಗ್ಗಿ ಡಾಂಗಲ್ಲನ್ನು ನೀಲಿ ಪೋರ್ಟಿನಿಂದ ತೆಗೆದು, ಒಂದು ಗೇಣುದ್ದದ ಯುಎಸ್‌ಬಿ ವಯರಿಗೆ ಹಾಕಿ ಮುಂದಿನ ಕಪ್ಪು ಪೋರ್ಟಿಗೆ ಬದಲಿಸಿದರು. ನೀಲಿಯದು ಯುಎಸ್‌ಬಿ 3. ಅದರ ಸಂಕೇತಗಳಿಂದ ಏಳುವ ರೇಡಿಯೋ ಗಲಾಟೆ 2.4 ಗಿಗಾಹರ್ಟ್ಸ್‌ನ ವೈಫೈ ಇರುವಲ್ಲಿಗೇ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿದೆ. ಹಿಂದೆ ತಗಡಿನ ಪೆಟ್ಟಿಗೆ, ಪಕ್ಕದಲ್ಲಿ ಯುಎಸ್‌ಬಿ 3ರ ಹಾರ್ಡ್ ಡಿಸ್ಕ್. ಅಲ್ಲಿ ಕೂತು ಆ ಪುಟ್ಟ ಆಂಟೆನಾ ಇಷ್ಟು ದಿನ ಕೆಳಮನೆಯ ರೂಟರಿನ ಮಾತು ಕೇಳಿಸಿಕೊಂಡದ್ದೇ ಹೆಚ್ಚು ಎಂದರು. ನಾನು ಅದರ ಬಗ್ಗೆ ದೂರನ್ನೇ ಕೊಟ್ಟಿರಲಿಲ್ಲ. ಎರಡು ಗೆರೆ ಇರುತ್ತಿದ್ದ ಸಿಗ್ನಲ್ ಮೂರಾಯಿತು.

ಮರುತಿಂಗಳು ಫೆಬ್ರವರಿಯಲ್ಲಿ ಕರ್ನಲ್ 6.2 ಬಿಡುಗಡೆಯಾದ ದಿನ ಮಾವ ತಾವೇ ಫೋನ್ ಮಾಡಿದರು. ರಿಯಲ್‌ಟೆಕ್‌ನ ಕೆಲವು ಯುಎಸ್‌ಬಿ ವೈಫೈ ಚಿಪ್‌ಗಳ ಡ್ರೈವರ್ ಅದರಲ್ಲಿ ಒಳಮನೆಗೇ ಸೇರಿತೆಂದು, ಸೊಸೆಗೆ ಹೆಣ್ಣು ಮಗು ಹುಟ್ಟಿದಾಗ ಹೇಳಿದ ದನಿಯಲ್ಲೇ ಹೇಳಿದರು. ಉಬುಂಟುವಿನ ಮೂಲಕ ಆ ಕರ್ನಲ್ ನನ್ನ ಯಂತ್ರಕ್ಕೆ ಬಂದದ್ದು ಇನ್ನೂ ತಡವಾಗಿ. ಅಪ್‌ಡೇಟ್ ನಡೆಯುತ್ತಿದ್ದಾಗ ಟರ್ಮಿನಲ್‌ನಲ್ಲಿ ಡಿಕೆಎಂಎಸ್‌ನ ಸಾಲುಗಳು ಹರಿದುಹೋದವು, ನಾನು ಓದುತ್ತಾ ಕೂತೆ. ರೀಸ್ಟಾರ್ಟ್ ಆದ ಮೇಲೆ ಪ್ರೂಫ್ ತೆರೆಯುವ ಮುಂಚೆ ಆ ಮರದ ಪಟ್ಟಿ ತರಿಸಿ, ಡಾಂಗಲ್ಲಿನ ಕೊಂಬೆಯ ತುದಿಯವರೆಗೆ ಬೆರಳಿಟ್ಟುಕೊಂಡು ಹೋದೆ. ಹೆಸರು ಇತ್ತು.